ಏಣಿ ಕೂತ ಕುರ್ಚಿ

ನಮ್ಮತ್ತೆಯ ಬಾಯಲ್ಲಿ ಮೊಳೆ ಇದ್ದರೆ ಅವರು ಯೋಚಿಸುತ್ತಿದ್ದಾರೆ ಎಂದರ್ಥ. ಇಲ್ಲದಿದ್ದರೆ ಮಾತಾಡುತ್ತಿದ್ದಾರೆ ಎಂದರ್ಥ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇವೆರಡೂ ಅಲ್ಲದ ಮೂರನೆಯ ಸ್ಥಿತಿ ಏನಾದರೂ ಇದೆಯೇ ಎಂದು ನಾನು ಬಹಳ ಹುಡುಕಿದೆ. ಸಿಗಲಿಲ್ಲ.

ಸೋಫಾ, ಕುರ್ಚಿ, ಬಸ್ಸಿನ ಸೀಟುಗಳಿಗೆ ಸ್ಪಂಜು ತುಂಬಿ ಬಟ್ಟೆ ಹೊದಿಸುವುದು ನಮ್ಮ ಕಸುಬು. ಮನೆಯ ಮುಂಭಾಗವೇ ಅಂಗಡಿ. ಈ ಕೆಲಸದಲ್ಲಿ ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ ಇರಬೇಕು. ಮೊಳೆ ಹಿಡಿಯಲು ಮೂರನೆಯ ಕೈ ಇಲ್ಲವಾದ್ದರಿಂದ ಹಳೆಯ ಕೆಲಸಗಾರರು ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿ ಹೊಡೆಯುತ್ತಿದ್ದರು. ಈಗ ಎಲ್ಲರೂ ಪಿನ್ನು ಹೊಡೆಯುವ ಗನ್ನು ಹಿಡಿದಿದ್ದಾರೆ. ನನ್ನ ಗಂಡನೂ ಹಿಡಿದಿದ್ದಾನೆ. ಅತ್ತೆ ಮಾತ್ರ ಆ ಗನ್ನನ್ನು ಕಂಡರೆ ಮೂಗು ಮುರಿಯುತ್ತಾರೆ. "ಅದ್ರಲ್ಲಿ ಹೊಡೆದಿದ್ದು ಅಂಟ್ಕೊಂಡಿರುತ್ತೆ, ಹಿಡ್ಕೊಂಡಿರಲ್ಲ" ಎನ್ನುತ್ತಾರೆ. ಎರಡಕ್ಕೂ ವ್ಯತ್ಯಾಸ ಏನೆಂದು ಕೇಳಬಾರದು. ಕೇಳಿದರೆ ಮಾಡಿಟ್ಟ ಅಡುಗೆ ತಣ್ಣಗಾಗುವವರೆಗೂ ವಿವರಣೆ ಮುಗಿಯುವುದಿಲ್ಲ.

ಅತ್ತೆಗೆ ಸುತ್ತಿಗೆ ಹಿಡಿಸಿದ್ದು ನಮ್ಮ ಮಾವ. ಬಾಸ್ಕೆಟ್‌ಬಾಲ್ ಹುಚ್ಚು ಹಿಡಿಸಿದ್ದೂ ಅವರೇ, ಆದರೆ ಸತ್ತ ಮೇಲೆ. ಬದುಕಿದ್ದಾಗ ಮಾವ ಒಬ್ಬರೇ ಆಟಕ್ಕೆ ಹೋಗುತ್ತಿದ್ದರು. ಅವರು ತೀರಿಕೊಂಡಾಗ ಆ ವರ್ಷದ ಆಟಗಳಿಗೆಲ್ಲ ಮೊದಲೇ ತೆಗೆದಿಟ್ಟಿದ್ದ ಟಿಕೆಟ್ಟು ಹಾಗೇ ಉಳಿದಿತ್ತು. ಸುಮ್ಮನೆ ಹಾಳಾಗುತ್ತದಲ್ಲ ಎಂಬ ಸಂಕಟಕ್ಕೆ ಅತ್ತೆ ಹೋಗಿ ಮೂರನೆಯ ಸಾಲಿನ ಮಾವನ ಸೀಟಿನಲ್ಲಿ ಕೂತರು. ಮೊದಮೊದಲು ಆಟ ನೋಡಲೇ ಇಲ್ಲವಂತೆ. ಎದುರುಗಡೆ ಆಟಗಾರರು ಕೂರುವ ಕುರ್ಚಿಗಳನ್ನೇ ನೋಡುತ್ತಿದ್ದರಂತೆ. ಮನೆಗೆ ಬಂದವರೇ, "ಆ ಕಡೆಯಿಂದ ಎರಡನೇ ಕುರ್ಚಿ ರೆಕ್ಸಿನ್ ಹರಿದು ನೇತಾಡ್ತಿದೆ, ನಾಚ್ಕೆ ಆಗಲ್ವಾ ಅವರಿಗೆ?" ಎಂದು ಸಿಡುಕುತ್ತಿದ್ದರಂತೆ. ಯಾರು ಗೆದ್ದರೆಂದು ಮಗ ಕೇಳಿದರೆ ಗೊತ್ತಿರುತ್ತಿರಲಿಲ್ಲ.

ಅಂಥವರನ್ನು ಆಟದೊಳಗೆ ಎಳೆದು ಹಾಕಿದವನು ಏಣಿ. ಅದು ನಮ್ಮ ತಂಡದ ಅತಿ ಉದ್ದದ ಆಟಗಾರನಿಗೆ ಊರಿಟ್ಟ ಹೆಸರು. ಒಂದು ಸಂಜೆ ಅಂಕಣದ ಹೊರಗೆ ಹಾರುತ್ತಿದ್ದ ಚೆಂಡನ್ನು ಹಿಡಿಯಲು ಓಡಿಬಂದ ಏಣಿ, ತನ್ನನ್ನು ತಾನು ನಿಲ್ಲಿಸಿಕೊಳ್ಳಲಾಗದೆ ಎರಡು ಸಾಲು ದಾಟಿ ನೇರವಾಗಿ ಅತ್ತೆಯ ಮಡಿಲಿಗೆ ಬಿದ್ದ. ಅತ್ತೆಯ ಕನ್ನಡಕ ಚೂರಾಯಿತು. ಅತ್ತೆ ಬೈದದ್ದು ಇಡೀ ಕ್ರೀಡಾಂಗಣಕ್ಕೆ ಕೇಳಿತು ಎಂದು ನೋಡಿದವರು ಈಗಲೂ ಹೇಳುತ್ತಾರೆ. ಮುಂದಿನ ಆಟದ ದಿನ ಏಣಿ ಅಂಕಣಕ್ಕೆ ಇಳಿದವನು ಮೂರನೆಯ ಸಾಲಿನ ಕಡೆ ತಿರುಗಿ, ಎರಡೂ ಕೈಗಳ ಬೆರಳುಗಳನ್ನು ಉಂಗುರ ಮಾಡಿ ಕಣ್ಣಿಗೆ ಹಿಡಿದ. ಕನ್ನಡಕ ಹೇಗಿದೆ ಎಂದು ಕೇಳಿದ್ದು. ಅತ್ತೆ ಹೊಸ ಕನ್ನಡಕವನ್ನು ಮೂಗಿನಿಂದ ಎತ್ತಿ ತೋರಿಸಿದರು. ಅಂದಿನಿಂದ ನಮ್ಮೂರಿನಲ್ಲಿ ನಡೆದ ಪ್ರತಿಯೊಂದು ಆಟವೂ ಹೀಗೇ ಶುರುವಾಗುತ್ತಿತ್ತು. ಅವನು ಕೇಳುವುದು, ಇವರು ಎತ್ತಿ ತೋರಿಸುವುದು. ಇಬ್ಬರೂ ಹತ್ತಿರದಲ್ಲಿ ನಿಂತು ನೆಟ್ಟಗೆ ನಾಲ್ಕು ಮಾತಾಡಿದವರಲ್ಲ.

ಹಾಗೆಂದು ಏಣಿ ದೊಡ್ಡ ಆಟಗಾರ ಎಂದುಕೊಳ್ಳಬೇಡಿ. ಯಾರೂ ಅಡ್ಡ ಬರದೆ ಒಬ್ಬನೇ ನಿಂತು ಎಸೆಯುವ ಫ್ರೀ ಥ್ರೋ ಇದೆಯಲ್ಲ, ಅದನ್ನು ಕಣ್ಣು ಮುಚ್ಚಿಕೊಂಡು ಹಾಕುವವರಿದ್ದಾರೆ. ನಮ್ಮ ಏಣಿ ಕಣ್ಣರಳಿಸಿಕೊಂಡು ತಪ್ಪಿಸುತ್ತಿದ್ದ. ಅವನು ಗೆರೆಯ ಹತ್ತಿರ ನಿಂತನೆಂದರೆ ನಮ್ಮ ಸಾಲಿನವರೆಲ್ಲ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗುತ್ತಿದ್ದರು.

ಸಂಜೆಯಾದರೆ ನಮ್ಮ ಅಂಗಡಿಯಲ್ಲಿ ಅಭಿಮಾನಿಗಳ ಸಭೆ. ಕಾಯಂ ಸದಸ್ಯರು ಇಬ್ಬರು. ಒಬ್ಬ ನಗರದ ಬಸ್ಸು ಓಡಿಸುವ ಡ್ರೈವರು, ಇನ್ನೊಬ್ಬರು ಎದುರು ಮಹಡಿಯ ಹಲ್ಲಿನ ಡಾಕ್ಟರು. ಡಾಕ್ಟರು ಮೊದಲ ಸಲ ಬಂದದ್ದು ಅತ್ತೆಯ ಬಾಯಿಂದ ಮೊಳೆ ಬಿಡಿಸಲು. ಬಿಡಿಸಲಾಗಲಿಲ್ಲ, ಆದರೆ ಬರುವುದನ್ನೂ ಬಿಡಲಿಲ್ಲ. ರಿಪೇರಿ ಮುಗಿದು, ಒಡೆಯರು ತೆಗೆದುಕೊಂಡು ಹೋಗಲು ಕಾದಿರುವ ಸೋಫಾಗಳ ಮೇಲೆ ಇವರು ಕೂರುತ್ತಾರೆ. ಒಳ್ಳೆಯ ಸೋಫಾ ಮೇಲೆ ವಾದ ಜೋರಾಗಿರುತ್ತದೆ, ಊಟದ ಕುರ್ಚಿಗಳ ಮೇಲೆ ಸ್ವಲ್ಪ ಕಡಿಮೆ. ಮೂಲೆಯಲ್ಲಿ ಸ್ಪಂಜಿಲ್ಲದ ಒಂದು ಬೋಳು ಸ್ಟೂಲಿದೆ. ಅದು ತಪ್ಪಿತಸ್ಥರಿಗೆ. ಎದುರಾಳಿ ತಂಡಕ್ಕೆ ಚಪ್ಪಾಳೆ ತಟ್ಟಿದವರು ಮರುದಿನ ಅದರ ಮೇಲೆಯೇ ಕೂರಬೇಕು ಎನ್ನುವುದು ಅತ್ತೆಯ ಕಾನೂನು. ಡಾಕ್ಟರು ಒಮ್ಮೆ ಎದುರಾಳಿಯ ಒಂದು ಎಸೆತಕ್ಕೆ ಮೈಮರೆತು "ಭಲೇ" ಎಂದುಬಿಟ್ಟಿದ್ದರು. ಓದಿದವರು, ನಾಲ್ಕು ಜನ ಕೈ ಮುಗಿಯುವವರು ಎಂದು ಅತ್ತೆ ನೋಡಲಿಲ್ಲ. ಅವರು ಆ ಬೋಳು ಹಲಗೆಯ ಮೇಲೆ ನುಲಿಯುತ್ತಾ ಕೂತದ್ದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಲಿಗೆ ಸೊಟ್ಟಗಾಗುತ್ತದೆ.

ನಾನು ಕೂರುವುದು ಹೊಲಿಗೆ ಯಂತ್ರದ ಮುಂದೆ. ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ, ನಾನು ಹೇಳದೆಯೂ ಇರುವುದಿಲ್ಲ.

ಹೀಗಿರುವಾಗ ಒಂದು ದಿನ ಸುದ್ದಿ ಬಂತು. ನಮ್ಮ ತಂಡ ಅದಲುಬದಲಿಗೆ ಹೊರಟಿದೆ, ಪಕ್ಕದ ಊರಿನ ತಂಡಕ್ಕೆ ಏಣಿಯನ್ನು ಕೊಟ್ಟು ಅವರ ಗಾಳಿಪಟವನ್ನು ತರುತ್ತದೆ ಎಂದು. ಗಾಳಿಪಟ ಎಂದರೆ ಆ ತಂಡದ ತಾರೆ. ನೆಗೆದರೆ ಇಳಿಯುವುದನ್ನೇ ಮರೆತವನ ಹಾಗೆ ಗಾಳಿಯಲ್ಲಿ ತೇಲುತ್ತಾನೆ. ಅವನು ನಮ್ಮನ್ನು ಸೋಲಿಸಿ ಹೋದ ದಿನಗಳಲ್ಲಿ ಅತ್ತೆ ಅವನ ಹೆಸರು ಹೇಳಿಕೊಂಡೇ ಮೊಳೆ ಹೊಡೆಯುತ್ತಿದ್ದರು.

ಅವತ್ತು ಅಂಗಡಿಯಲ್ಲಿ ಮೆತ್ತನೆಯ ದೊಡ್ಡ ಸೋಫಾ ಇತ್ತು. ಹಾಗಾಗಿ ವಾದಕ್ಕೆ ಬರವಿರಲಿಲ್ಲ.

"ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ಹಳೇ ಸೈಕಲ್ ಕೊಡಿ ವಿಮಾನ ಕೊಡ್ತೀವಿ ಅಂತಿದ್ದಾರೆ. ಬೇಡ ಅನ್ನೋರಿಗೆ ತಲೆ ಇಲ್ಲ" ಎಂದ ನನ್ನ ಗಂಡ.

"ವಿಮಾನ ತಂದು ಎಲ್ಲಿ ನಿಲ್ಲಿಸ್ತೀಯ?" ಎಂದ ಡ್ರೈವರು. "ಗಾಳಿಪಟ ಬಂದ್ರೆ ಉಳಿದ ನಾಲ್ಕು ಜನ ಚೆಂಡು ಹೇಗಿರುತ್ತೆ ಅಂತ ಟಿವಿಲಿ ನೋಡ್ಬೇಕು. ಒಬ್ಬನೇ ಆಡೋ ಆಟಾನಾ ಇದು? ಏಣಿ ಚೆಂಡು ಸಿಕ್ಕಿದ ತಕ್ಷಣ ಇನ್ನೊಬ್ಬರಿಗೆ ಕೊಡ್ತಾನೆ."

"ತಾನು ಹಾಕಿದ್ರೆ ಬೀಳಲ್ಲ ಅಂತ ಗೊತ್ತಲ್ಲ, ಅದಕ್ಕೆ ಕೊಡ್ತಾನೆ!" ಎಂದ ಗಂಡ.

"ಕಾರಣ ಏನಾದ್ರೂ ಇರ್ಲಿ. ಕೊಡ್ತಾನೋ ಇಲ್ವೋ?"

ಹಲ್ಲಿನ ಡಾಕ್ಟರು ಗಂಟಲು ಸರಿಮಾಡಿಕೊಂಡರು. "ನೋಡಿ, ಅಲ್ಲಾಡೋ ಹಲ್ಲನ್ನ ಪ್ರೀತಿಯಿಂದ ಇಟ್ಕೊಂಡ್ರೆ ಪಕ್ಕದ ಹಲ್ಲೂ ಹಾಳಾಗುತ್ತೆ. ಕೀಳಬೇಕು. ಇಲ್ಲಿ ಕರುಳು ತರಬಾರದು."

"ಕಿತ್ರೆ ತಾನೇ ನಿಮ್ಮ ಮನೇಲಿ ಒಲೆ ಉರಿಯೋದು" ಎಂದ ಡ್ರೈವರು.

"ಗಾಳಿಪಟ ಬಂದ್ರೆ ಈ ವರ್ಷ ಕಪ್ಪು ನಮ್ದೇ. ಏಣಿ ಇದ್ರೆ ಏನು ನಮ್ದು?" ಎಂದು ನಾನೂ ಯಂತ್ರದ ಹಿಂದಿನಿಂದ ಬಾಯಿ ಹಾಕಿದೆ. ಗಂಡ ನನ್ನ ಕಡೆ ಅಭಿಮಾನದಿಂದ ನೋಡಿದ. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಕಡೆ ನಿಂತದ್ದು ಬಹುಶಃ ಅದೇ ಮೊದಲು.

"ಅಮ್ಮ, ನೀನೇನಂತೀಯ?" ಎಂದು ಅವನು ಕೇಳಿದ.

ಅತ್ತೆ ಡಬ್ಬಿಗೆ ಕೈಹಾಕಿ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡರು. ಮಾಮೂಲಿಗಿಂತ ಹೆಚ್ಚು. ಕೆನ್ನೆ ಉಬ್ಬುವಷ್ಟು. ಆಮೇಲೆ ಅವರು ಹೊಡೆದ ಮೊಳೆಗಳಿಗೆ ಆ ಕುರ್ಚಿಯಲ್ಲಿ ಕೆಲಸವೇ ಇರಲಿಲ್ಲ. ಮೊದಲೇ ಭದ್ರವಾಗಿದ್ದ ಅಂಚಿಗೆ ಇನ್ನೊಂದು ಸಾಲು ಹೊಡೆದರು. ಸಭೆ ಮುಗಿದು ಎಲ್ಲರೂ ಎದ್ದು ಹೋದ ಮೇಲೂ ಬಾಯಿ ಖಾಲಿಯಾಗಲಿಲ್ಲ.

ನನಗೆ ಅರ್ಥವಾಯಿತು. ಅತ್ತೆಗೆ ಏಣಿ ಹೋಗುವುದು ಬೇಡ. ಆದರೆ ಬೇಡ ಎನ್ನಲು ಒಂದು ಕಾರಣವೂ ಇಲ್ಲ. ಬೆರಳಿನ ಕನ್ನಡಕದ ವಿಷಯವನ್ನು ಕಾರಣವೆಂದು ಹೇಳಲು ಅವರಿಗೆ ನಾಚಿಕೆ. ಊರಿನ ತಂಡ ಗೆಲ್ಲುವುದು ದೊಡ್ಡದೋ, ನನಗೊಬ್ಬ ಕೈಸನ್ನೆ ಮಾಡುವುದು ದೊಡ್ಡದೋ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

ಕಾರಣ ತಾನಾಗಿಯೇ ಅಂಗಡಿಗೆ ಬಂತು, ವ್ಯಾನಿನಲ್ಲಿ. ಕ್ರೀಡಾಂಗಣಕ್ಕೆ ಬಣ್ಣ ಬಳಿಯುತ್ತಿದ್ದರು. ಅದೇ ಸಮಯದಲ್ಲಿ ಆಟಗಾರರ ಕುರ್ಚಿಗಳಿಗೂ ಹೊಸ ರೆಕ್ಸಿನ್ ಆಗಲಿ ಎಂದು ಎರಡೂ ತಂಡಗಳ ಕುರ್ಚಿಗಳನ್ನು ನಮಗೆ ಕಳಿಸಿದರು. ಅಷ್ಟು ವರ್ಷ ದೂರದಿಂದ ಹಲ್ಲು ಕಡಿಯುತ್ತಾ ನೋಡಿದ ಕುರ್ಚಿಗಳು ಕೈಗೆ ಸಿಕ್ಕಾಗ ಅತ್ತೆಯ ಮುಖ ನೋಡಬೇಕಿತ್ತು. ಮರಳಿ ಇಡುವಾಗ ಗೊಂದಲವಾಗದಿರಲಿ ಎಂದು ಕ್ರೀಡಾಂಗಣದ ಕಾವಲುಗಾರ ಪ್ರತಿ ಕುರ್ಚಿಯ ಅಡಿಗೆ ಸುಣ್ಣದ ಕಡ್ಡಿಯಲ್ಲಿ ಬರೆದಿದ್ದ: ಎಡ ಒಂದು, ಎಡ ಎರಡು, ಬಲ ಒಂದು, ಬಲ ಎರಡು, ಹೀಗೆ. ನಡುವೆ ಅಂಕ ಬರೆಯುವವರ ಮೇಜು, ಅದರ ಎಡಕ್ಕೆ ಒಂದು ತಂಡ, ಬಲಕ್ಕೆ ಇನ್ನೊಂದು.

ಎಡಗಡೆ ನಮ್ಮವರು, ಬಲಗಡೆ ಎದುರಾಳಿಗಳು. ಇದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿರಲಿಲ್ಲ. ಮೂರನೆಯ ಸಾಲಿನಲ್ಲಿ ಕೂತು ಕೂತು ಅದು ನಮ್ಮ ಕಣ್ಣಿನಲ್ಲೇ ಅಚ್ಚಾಗಿತ್ತು. ಮೇಜಿನ ಪಕ್ಕದ ಮೊದಲ ಕುರ್ಚಿಯಲ್ಲಿ ಅವರ ಕಡೆ ಗಾಳಿಪಟ ಕೂರುತ್ತಾನೆ, ನಮ್ಮ ಕಡೆ ಏಣಿ ಕೂರುತ್ತಾನೆ ಎನ್ನುವುದೂ ಗೊತ್ತು.

ಸಂಜೆಯ ಸಭೆ ಸೇರಿದ್ದಾಗ ಅತ್ತೆ ಬಲ ಒಂದನ್ನು ಬಿಚ್ಚಿದರು. ಹಳೆಯ ರೆಕ್ಸಿನ್ ಕಿತ್ತು ಸ್ಪಂಜಿನ ಮೇಲೆ ಅಂಗೈ ಆಡಿಸಿದರು. ಕೈ ನಿಂತಿತು. ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಡಬ್ಬಿಗೆ ಉಗಿದರು.

"ಬನ್ರೋ ಇಲ್ಲಿ. ಮುಟ್ಟಿ ನೋಡಿ."

ಮುಟ್ಟಿ ನೋಡಿದೆವು. ಸ್ಪಂಜು ಎಡಗಡೆ ಪೂರ್ತಿ ಕುಸಿದು ಹಪ್ಪಳವಾಗಿತ್ತು. ಬಲಗಡೆ ಇನ್ನೂ ಉಬ್ಬಿಕೊಂಡೇ ಇತ್ತು.

"ಇವನು ಬಲಗಡೆ ಭಾರ ಬಿಡೋದೇ ಇಲ್ಲ. ಯಾಕೆ ಬಿಡಲ್ಲ? ಆ ಕಡೆ ಸೊಂಟ ಹೋಗಿದೆ. ಗಾಳಿಪಟ ಅಂತೆ ಗಾಳಿಪಟ! ದಾರ ಕಿತ್ತೋಗಿರೋದನ್ನ ಮುಚ್ಚಿಟ್ಟು ನಮಗೆ ದಾಟಿಸ್ತಿದ್ದಾರೆ. ನಾವು ಬಾಯಿಬಿಟ್ಕೊಂಡು ಇಸ್ಕೊಳ್ಳೋಕೆ ಹೊರಟಿದೀವಿ!"

"ಅಲ್ಲ ಅಮ್ಮ," ಎಂದರು ಡಾಕ್ಟರು ಮೆಲ್ಲಗೆ, "ಎದುರಾಳಿ ಕುರ್ಚಿ ಅಂದ್ಮೇಲೆ ಊರೂರಿನ ತಂಡದವರೆಲ್ಲ ಅದ್ರಲ್ಲಿ ಕೂತಿರ್ತಾರಲ್ಲ?"

ಅಲ್ಲಿಗೆ ನಾವೆಲ್ಲ ನಿಲ್ಲಬೇಕಿತ್ತು. ನಾನಾದರೂ ನಿಲ್ಲಬೇಕಿತ್ತು. ಸ್ಪಂಜು ಹಾಗೆ ಕುಸಿಯಬೇಕಾದರೆ ಒಬ್ಬನೇ ಮನುಷ್ಯ ವರ್ಷಗಟ್ಟಲೆ ಒಂದೇ ರೀತಿ ಕೂತಿರಬೇಕು ಎಂದು ನನಗೆ ಗೊತ್ತಿಲ್ಲವೇ? ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಅವರು ಡಾಕ್ಟರ ಕಡೆ ನೋಡಿದ ನೋಟದಲ್ಲಿ ಮೂಲೆಯ ಬೋಳು ಸ್ಟೂಲು ಕಾಣುತ್ತಿತ್ತು.

ಡ್ರೈವರಿಗೆ ಅಷ್ಟೇ ಬೇಕಿತ್ತು. ಮರುದಿನ ಅವನ ಬಸ್ಸು ಹತ್ತಿದವರಿಗೆಲ್ಲ ಟಿಕೆಟ್ಟಿನ ಜೊತೆ ಗಾಳಿಪಟದ ಸೊಂಟವೂ ಸಿಕ್ಕಿತು. ಮೊದಲ ನಿಲ್ದಾಣದಲ್ಲಿ ಸೊಂಟ ನೋಯುತ್ತಿತ್ತು. ಊರು ಸುತ್ತಿ ಬರುವಷ್ಟರಲ್ಲಿ ಅದಕ್ಕೆ ಎರಡು ಆಪರೇಷನ್ ಆಗಿ ಒಂದು ಕಬ್ಬಿಣದ ಸಲಾಕೆ ಸೇರಿತ್ತು. ವಾರ ಕಳೆಯುವಷ್ಟರಲ್ಲಿ ಕುಂಟು ಕುದುರೆ ಬೇಡ ಎಂದು ಜನ ಕ್ಲಬ್ಬಿನ ಮುಂದೆ ಕೂಗು ಹಾಕಿದರು. ಕ್ಲಬ್ಬಿನ ಮ್ಯಾನೇಜರು ಗಾಬರಿಯಾಗಿ, ಬಂದು ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸು ಎಂದು ಗಾಳಿಪಟಕ್ಕೆ ಹೇಳಿ ಕಳಿಸಿದರಂತೆ. ಅವನು ಕೆಂಡವಾದ. ನನ್ನನ್ನು ಕುಂಟ ಎನ್ನುವ ಊರಿಗೆ ಕಾಲೇ ಇಡುವುದಿಲ್ಲ ಎಂದು ಕೂತುಬಿಟ್ಟ. ಅದಲುಬದಲಿನ ಗಡುವು ಆ ವಾರದ ಕೊನೆಗೆ ಮುಗಿಯುತ್ತಿತ್ತು. ಇನ್ನೇನು, ಮಾತು ಮುರಿದುಬಿದ್ದ ಹಾಗೇ.

ಅತ್ತೆ ಆ ದಿನಗಳಲ್ಲಿ ಹಾಡು ಗುನುಗುತ್ತಾ ಕೆಲಸ ಮಾಡಿದರು. ಬಾಯಲ್ಲಿ ಮೊಳೆ ಇಟ್ಟುಕೊಂಡೇ ಗುನುಗಬಹುದು ಎನ್ನುವುದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

ಕುರ್ಚಿಗಳು ಸಿದ್ಧವಾದವು. ಮರಳಿಸಲು ಅತ್ತೆಯೂ ನಾನೂ ವ್ಯಾನಿನಲ್ಲಿ ಹೋದೆವು. ಕಾವಲುಗಾರ ನಮ್ಮನ್ನು ಆಟಗಾರರ ಬಾಗಿಲಿನಿಂದ ಒಳಗೆ ಬಿಟ್ಟ. ಆ ಕಡೆಯಿಂದ ನಾವು ಯಾವತ್ತೂ ಹೋದವರಲ್ಲ. ಹೊಸ ಬಣ್ಣದ ವಾಸನೆ, ಖಾಲಿ ಅಂಕಣ. ದೂರದಲ್ಲಿ ಯಾರೋ ಒಬ್ಬರು ಚೆಂಡು ಪುಟಿಸುತ್ತಿದ್ದ ಸದ್ದು. ಕಾವಲುಗಾರ ಕುರ್ಚಿ ಇಡುವ ಜಾಗದ ಹಿಂದಿನ ಗೋಡೆಯ ಪಕ್ಕ ನಿಂತು, "ಬಲದ್ದೆಲ್ಲ ಈ ಕಡೆ, ಎಡದ್ದೆಲ್ಲ ಆ ಕಡೆ" ಎಂದು ಕೈ ತೋರಿಸಿದ.

ಅತ್ತೆ ಬಲ ಒಂದನ್ನು ಎತ್ತಿಕೊಂಡು ಹೋಗಿ ಮೇಜಿನ ಪಕ್ಕ ಇಟ್ಟರು. ಸೊಂಟಕ್ಕೆ ಕೈಕೊಟ್ಟು ತಲೆ ಎತ್ತಿದರು. ಎದುರಿಗೆ ನಮ್ಮ ಮೂರನೆಯ ಸಾಲು. ಮಾವನ ಸೀಟು. ಅವರು ಆ ಸೀಟನ್ನು ನೋಡಿದರು, ತಮ್ಮ ಬಲಗೈ ನೋಡಿಕೊಂಡರು, ಮತ್ತೆ ಆ ಸೀಟನ್ನು ನೋಡಿದರು. ಆಮೇಲೆ ನಿಧಾನವಾಗಿ ಬೆನ್ನು ತಿರುಗಿಸಿ ನಿಂತರು, ಅಲ್ಲಿಂದ ಇಲ್ಲಿಗೆ ನೋಡಿದರೆ ಹೇಗೆ ಕಾಣುತ್ತದೆ ಎಂದು ಲೆಕ್ಕ ಹಾಕುವವರ ಹಾಗೆ.

ನನಗೂ ಆಗಲೇ ತಲೆಗೆ ಹೊಳೆದದ್ದು. ಕಾವಲುಗಾರ ಎಡಬಲ ಬರೆದದ್ದು ಇಲ್ಲಿ, ಕುರ್ಚಿಗಳ ಹಿಂದೆ ನಿಂತು. ನಾವು ಓದಿದ್ದು ಅಲ್ಲಿ, ಮೂರನೆಯ ಸಾಲಿನಲ್ಲಿ ಕೂತು. ಅವನ ಬಲ ಎಂದರೆ ನಮ್ಮ ಎಡ. ಒಂದು ಊರಿನ ಆಟವನ್ನು ಜನ್ಮವೆಲ್ಲ ಒಂದೇ ಸೀಟಿನಿಂದ ನೋಡಿದ ಪೆದ್ದರಷ್ಟೇ ಮಾಡಬಹುದಾದ ತಪ್ಪು ಅದು.

"ಅತ್ತೆ, ಬಲ ಒಂದು ಅಂದ್ರೆ…"

"ಗೊತ್ತಾಯ್ತು ಕಣೇ. ಸುಮ್ನಿರು."

ಕುಸಿದದ್ದು ಏಣಿಯ ಕುರ್ಚಿ. ಸೊಂಟ ಹೋದದ್ದು ಏಣಿಗೆ. ಅತ್ತೆ ಆ ಕುರ್ಚಿಯ ಮೇಲೆಯೇ ಧೊಪ್ಪನೆ ಕೂತರು. ಅವರ ಮುಖ ಸಪ್ಪಗಾದದ್ದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

ಚೆಂಡಿನ ಸದ್ದು ನಿಂತಿತು. ಅಂಕಣದ ಆ ತುದಿಯಿಂದ ಏಣಿ ನಡೆದು ಬಂದ. ಅತ್ತೆಯನ್ನು ಕಂಡವನೇ ಬೆರಳುಗಳನ್ನು ಕಣ್ಣಿಗೆ ಹಿಡಿದು ನಕ್ಕ. ಅತ್ತೆ ಕನ್ನಡಕ ಎತ್ತಲಿಲ್ಲ. ಪಕ್ಕದ ಕುರ್ಚಿ ತಟ್ಟಿದರು. ಅವನು ಕೂತ. ಅವನು ಹೇಗೆ ಕೂರುತ್ತಾನೆ ಎಂದು ನಾವಿಬ್ಬರೂ ನೋಡಿದೆವು. ಎಡಕ್ಕೆ ವಾಲಿ, ಬಲಗಾಲನ್ನು ಮುಂದೆ ಚಾಚಿ ಕೂತ.

"ಎಷ್ಟು ದಿನದಿಂದ ನೋವು?"

ಏಣಿ ಕಕ್ಕಾಬಿಕ್ಕಿಯಾದ. "ಯಾರು ಹೇಳಿದ್ರಮ್ಮ?"

"ನಿನ್ನ ಕುರ್ಚಿ ಹೇಳ್ತು. ನಾನು ಅದನ್ನ ಬೇರೆಯವನ ಕುರ್ಚಿ ಅಂದ್ಕೊಂಡು ಊರಿಗೆಲ್ಲ ಸಾರಿಬಿಟ್ಟೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಜೋರಾಗಿ ನಕ್ಕ, ಆಮೇಲೆ ನಗು ನಿಲ್ಲಿಸಿ ಕೈ ಕೈ ಹಿಸುಕಿಕೊಂಡ. "ಬಹಳ ದಿನ ಆಯ್ತಮ್ಮ. ಅವರಿಗೂ ಗೊತ್ತು. ಆ ಊರಿನ ತಂಡದವರಿಗೆ ನಾನೇ ಮುಚ್ಚುಮರೆ ಇಲ್ದೆ ಹೇಳಿದೀನಿ. ನನ್ನನ್ನ ಅವರು ಆಡೋಕೆ ಕರೀತಿಲ್ಲ, ಉದ್ದ ಇರೋ ಮಕ್ಕಳಿಗೆ ಹೇಳ್ಕೊಡೋಕೆ ಕರೀತಿದ್ದಾರೆ. ಬೇಕಾದಾಗ ಒಂದೆರಡು ನಿಮಿಷ ಅಂಕಣಕ್ಕೆ ಇಳಿಸ್ತಾರೆ ಅಷ್ಟೇ."

"ಹಾಗಾದ್ರೆ ನಮ್ಮವರು ನಿನ್ನನ್ನ ತಳ್ತಿಲ್ವಾ?"

"ತಳ್ಳೋದಾ? ಕಳಿಸಿ ಅಂತ ನಾನೇ ಕೇಳಿದ್ದು." ಅವನು ತನ್ನ ಬೂಟಿನ ದಾರ ನೋಡುತ್ತಾ ಹೇಳಿದ. "ನನ್ನ ಹೆಂಡತಿಗೆ ಅಲ್ಲೇ ಶಾಲೇಲಿ ಕೆಲಸ. ಮಗಳು ಅಲ್ಲೇ ಇದ್ದಾಳೆ. ನಾನು ಹೋದಾಗೆಲ್ಲ ಅವಳು ಬಾಗಿಲ ಸಂದೀಲಿ ನಿಂತು, ಈ ಸಲ ಎಷ್ಟು ಹೊತ್ತು ಇರ್ತೀಯ ಅಂತಾನೇ ಕೇಳೋದು. ಇಲ್ಲಿ ಜನ ನನ್ನ ಮೇಲೆ ಇಷ್ಟು ಪ್ರೀತಿ ಇಟ್ಟಿದ್ದಾರೆ, ಹೋಗ್ಬೇಕು ಅಂತ ಹೇಗೆ ಬಾಯ್ಬಿಡ್ಲಿ? ಅದಲುಬದಲಾದ್ರೆ ಯಾರಿಗೂ ಬೇಜಾರಾಗಲ್ಲ ಅಂದ್ಕೊಂಡೆ. ಈಗ ಅದೂ ನಿಂತೋಯ್ತು."

ಅತ್ತೆ ಚೀಲದೊಳಗೆ ಕೈ ಹಾಕಿ ತಡಕಾಡಿದರು. ಮೊಳೆಯ ಡಬ್ಬಿ ಅಂಗಡಿಯಲ್ಲೇ ಉಳಿದಿತ್ತು. ಯೋಚಿಸಲು ದಾರಿ ಇರಲಿಲ್ಲ, ಮಾತಾಡಲೇಬೇಕಾಯಿತು.

"ನಿಲ್ಲಿಸಿದವಳು ನಾನು ಕಣಪ್ಪಾ. ನಾನೇ ನಡೆಸ್ತೀನಿ, ಇರು."

ದಾರಿಯುದ್ದಕ್ಕೂ ಅತ್ತೆ ಒಂದೇ ಮಾತು ಹೇಳಿದರು. "ಅವನ ಕನ್ನಡಕದ ಆಟ ನೋಡೋಕೆ ನಾನು ಅವನ ಮಗಳನ್ನ ಬಾಗಿಲಲ್ಲಿ ನಿಲ್ಲಿಸಿಬಿಟ್ಟಿದ್ದೆ." ನಾನು ಏನೋ ಸಮಾಧಾನ ಹೇಳಹೊರಟೆ. "ನೀನು ಬೇರೆ ಶುರು ಮಾಡ್ಬೇಡ" ಎಂದು ಗದರಿದರು.

ಸುದ್ದಿ ಹೋದ ದಾರಿಯಲ್ಲೇ ಅದನ್ನು ಹಿಂದಕ್ಕೆ ತರಬೇಕು ಎನ್ನುವುದು ಅತ್ತೆಯ ತೀರ್ಮಾನ. ಹಾಗಾಗಿ ಮರುದಿನ ಡ್ರೈವರಿನ ಬಸ್ಸು ಹತ್ತಿದರು. ಮಾನ ಹೋಗುವುದನ್ನು ನೋಡಲು ಒಬ್ಬರಾದರೂ ಮನೆಯವರಿರಲಿ ಎಂದು ನಾನೂ ಹತ್ತಿದೆ. ಪ್ರತಿ ನಿಲ್ದಾಣದಲ್ಲಿ ಹೊಸ ಜನ ಹತ್ತಿದಾಗ ಅತ್ತೆ ಕಂಬ ಹಿಡಿದು ಎದ್ದು ನಿಲ್ಲುತ್ತಿದ್ದರು.

"ಸ್ವಾಮಿ, ಒಂದು ಮಾತು. ಗಾಳಿಪಟದ ಸೊಂಟ ಗಟ್ಟಿಯಾಗಿದೆ. ಕುರ್ಚಿ ನೋಡಿ ಹೇಳಿದವಳು ನಾನೇ. ಎಡ ಯಾವ್ದು ಬಲ ಯಾವ್ದು ಅಂತ ಗೊತ್ತಾಗ್ದೆ ಹೇಳಿದ್ದು. ಬೈಯೋದಿದ್ರೆ ಬೈರಿ, ಆಮೇಲೆ ಪಕ್ಕದವರಿಗೂ ಹೇಳಿ."

ಕೆಲವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಾತ, "ಹಾಗಾದ್ರೆ ಸಲಾಕೆ?" ಎಂದು ಕೇಳಿದ. ಅತ್ತೆ ಡ್ರೈವರಿನ ಬೆನ್ನನ್ನು ದುರುಗುಟ್ಟಿ ನೋಡಿದರು. ಡ್ರೈವರು ಅವತ್ತು ರಸ್ತೆಯ ಮೇಲಿಟ್ಟ ಗಮನವನ್ನು ಅದಕ್ಕೆ ಮೊದಲೂ ಆಮೇಲೂ ಇಟ್ಟದ್ದಿಲ್ಲ.

ಬಸ್ಸಿನಿಂದ ಇಳಿದು ನೇರ ಮ್ಯಾನೇಜರ ಕೋಣೆಗೆ ಹೋದೆವು. ಅವರು ಕೈಚೆಲ್ಲಿ ಕೂತಿದ್ದರು. "ಏನು ಹೇಳಿದ್ರೂ ಅವನು ಕೇಳ್ತಿಲ್ಲಮ್ಮ. ಮುಖ ಊದಿಸ್ಕೊಂಡಿದ್ದಾನೆ." ಅತ್ತೆ ಫೋನು ಹಚ್ಚಿಸಿ ತಾವೇ ಹಿಡಿದರು.

"ನೋಡಪ್ಪ, ನಿನ್ನನ್ನ ಕುಂಟ ಅಂದ ಮುದುಕಿ ನಾನೇ. ಬೇರೆಯವನ ಕುರ್ಚಿ ನೋಡಿ ಅಂದೆ. ತಪ್ಪಾಯ್ತು."

ಆ ಕಡೆಯಿಂದ ಗಾಳಿಪಟದ ದನಿ ನನಗೂ ಕೇಳಿಸಿತು. "ಕುರ್ಚಿ ನೋಡಿ ಸೊಂಟ ಹೇಳ್ತೀರಾ?" ಎಂದ. ಮತ್ತೆ ಕುತೂಹಲ ತಡೆಯಲಾಗದೆ, "ನನ್ನ ಕುರ್ಚಿ ಏನು ಹೇಳ್ತು?" ಎಂದು ಕೇಳಿದ.

"ನಿನ್ನ ಕುರ್ಚಿ ಏನೂ ಹೇಳಲಿಲ್ಲಪ್ಪ. ನೀನು ಕೂತ್ರೆ ತಾನೇ ಅದು ಹೇಳೋದು? ಆಟ ಪೂರ್ತಿ ನಮ್ಮ ಹೊಟ್ಟೆ ಉರಿಸ್ಕೊಂಡು ಹಾರಾಡ್ತಾನೇ ಇರ್ತೀಯಲ್ಲ."

ಅವನು ನಕ್ಕ. ನಕ್ಕಮೇಲೆ ಮುನಿಸು ಹಿಡಿದುಕೊಂಡಿರುವುದು ಯಾರಿಗೂ ಕಷ್ಟ. ಗಡುವಿಗೆ ಸರಿಯಾಗಿ ಅದಲುಬದಲು ಮುಗಿಯಿತು.

ಏಣಿ ಊರು ಬಿಡುವಾಗ ಅಂಗಡಿಗೆ ಬರಲಿಲ್ಲ, ಅತ್ತೆಯೂ ಬಾ ಎನ್ನಲಿಲ್ಲ. ಆದರೆ ಕ್ರೀಡಾಂಗಣಕ್ಕೆ ಹೇಳಿ ಕಳಿಸಿ ಒಂದು ಕುರ್ಚಿಯನ್ನು ಮತ್ತೆ ತರಿಸಿಕೊಂಡರು. ಎಡ ಒಂದು. ಈ ಸಲ ನಿಜವಾದ ಎದುರಾಳಿ ಕುರ್ಚಿ. ನಾವು ಹೊಡೆದಿದ್ದ ಹೊಸ ರೆಕ್ಸಿನ್ನನ್ನೇ ಬಿಚ್ಚಿ, ಬಲಗಡೆಗೆ ನಮ್ಮಲ್ಲಿದ್ದ ಅತಿ ಮೆತ್ತನೆಯ ಸ್ಪಂಜನ್ನು ಕತ್ತರಿಸಿ ಕೂರಿಸಿದರು. "ಶತ್ರುಗಳ ಕುರ್ಚಿಗೆ ಇಷ್ಟು ಒಳ್ಳೆ ಮಾಲಾ?" ಎಂದ ನನ್ನ ಗಂಡ. ಅತ್ತೆಯ ಬಾಯಲ್ಲಿ ಮೊಳೆಯಿತ್ತು. ಅಂದಿನಿಂದ ನಮ್ಮೂರಿಗೆ ಬಂದ ತಂಡಗಳ ಆಟಗಾರರೆಲ್ಲ ಆ ಕುರ್ಚಿಯಲ್ಲಿ ಬಲಕ್ಕೆ ವಾಲಿಕೊಂಡು ಕೂರುತ್ತಾರೆ. ಅದರಿಂದ ನಮಗೇ ಲಾಭ ಎಂದು ಗಂಡ ಈಗ ವಾದಿಸುತ್ತಾನೆ.

ಗಾಳಿಪಟ ಬಂದ ಮೇಲೆ ನಾವು ಗೆಲ್ಲುವುದು ಅಭ್ಯಾಸವಾಯಿತು. ಅವನು ಹಾಕಿದ್ದಕ್ಕೆಲ್ಲ ಅತ್ತೆ ಶಿಳ್ಳೆ ಹೊಡೆಯುತ್ತಿದ್ದರು. ಮೊಳೆ ಹಿಡಿದು ಪಳಗಿದ ತುಟಿಗಳು, ಶಿಳ್ಳೆ ಎಂದರೆ ಸಾಮಾನ್ಯ ಶಿಳ್ಳೆಯಲ್ಲ, ಪಕ್ಕದಲ್ಲಿ ಕೂತವರು ಕಿವಿ ಮುಚ್ಚಿಕೊಳ್ಳಬೇಕು. ಆದರೆ ಆಟ ಶುರುವಾಗುವ ಮುಂಚೆ ಅವರ ಕೈ ತಾನಾಗಿಯೇ ಕನ್ನಡಕದ ಹತ್ತಿರ ಹೋಗಿ, ಸುಮ್ಮನೆ ಅದನ್ನು ಸರಿಮಾಡಿಕೊಂಡು ಕೆಳಗಿಳಿಯುತ್ತಿತ್ತು. ನಾನು ನೋಡಿಯೂ ನೋಡದವಳ ಹಾಗೆ ಇರುತ್ತಿದ್ದೆ.

ಆಮೇಲೆ ಪಕ್ಕದ ಊರಿನವರು ನಮ್ಮಲ್ಲಿಗೆ ಆಡಲು ಬಂದರು. ಏಣಿ ಬೇರೆ ಬಣ್ಣದ ಅಂಗಿಯಲ್ಲಿ ಬಂದು ಮೇಜಿನ ಆ ಪಕ್ಕದ ಮೊದಲ ಕುರ್ಚಿಯಲ್ಲಿ ಕೂತ. ಕೂತವನು ಅರ್ಧ ಎದ್ದು ಸೀಟು ನೋಡಿದ, ಅಂಗೈಯಿಂದ ಒತ್ತಿದ, ಮತ್ತೆ ಕೂತ. ಈ ಸಲ ನೆಟ್ಟಗೆ ಕೂತ. ತಲೆ ಎತ್ತಿ ಮೂರನೆಯ ಸಾಲಿನಲ್ಲಿ ಹುಡುಕಿ, ಬೆರಳುಗಳನ್ನು ಕಣ್ಣಿಗೆ ಹಿಡಿದ. ಅತ್ತೆ ಕನ್ನಡಕ ತೆಗೆದು ಎತ್ತಿ ತೋರಿಸಿದರು. ತೋರಿಸಿದ ಮೇಲೆ ಹಾಕಿಕೊಳ್ಳಲು ತಡವಾಯಿತು, ಏಕೆಂದರೆ ಮೊದಲು ಕಣ್ಣೊರೆಸಿಕೊಳ್ಳಬೇಕಿತ್ತು.

ಆಟ ಮುಗಿಯುತ್ತಾ ಬಂದಿತ್ತು. ನಾವು ಗೆಲ್ಲುವುದು ಖಚಿತವಾದ ಮೇಲೆ ಅವರ ಕೋಚು ಏಣಿಯನ್ನು ಅಂಕಣಕ್ಕೆ ಇಳಿಸಿದ. ನಮ್ಮವನೊಬ್ಬ ಅವನ ಕೈಗೆ ಹೊಡೆದ. ರೆಫರಿ ಸೀಟಿ ಊದಿ ಎರಡು ಫ್ರೀ ಥ್ರೋ ಕೊಟ್ಟ. ಏಣಿ ಗೆರೆಯ ಹತ್ತಿರ ನಿಂತ. ಹಳೆಯ ಅಭ್ಯಾಸದಂತೆ ನಮ್ಮ ಸಾಲಿನವರೆಲ್ಲ ಚಪ್ಪಲಿ ಹುಡುಕಲು ಬಗ್ಗಿದರು. ಮೊದಲನೆಯದು ತಪ್ಪಿತು. ಎರಡನೆಯದು ಕಬ್ಬಿಣದ ಬಳೆಗೆ ತಾಗಿ, ಹಲಗೆಗೆ ತಾಗಿ, ಮತ್ತೆ ಬಳೆಯ ಮೇಲೆ ಕುಣಿದು ಒಳಗೆ ಬಿತ್ತು.

ನಮ್ಮ ಕಡೆ ಗಪ್‌ಚಿಪ್. ಆ ಮೌನದಲ್ಲಿ ಒಂದೇ ಒಂದು ಶಿಳ್ಳೆ, ಕಿವಿ ತೂತಾಗುವಂಥದ್ದು.

"ಅಮ್ಮಾ! ಅದು ಅವರ ಪಾಯಿಂಟು!" ಎಂದು ಡ್ರೈವರು ಹೌಹಾರಿದ.

"ಗೊತ್ತು, ಸುಮ್ನಿರಪ್ಪ" ಎಂದರು ಅತ್ತೆ, ಮತ್ತು ಇನ್ನೊಮ್ಮೆ ಹೊಡೆದರು.

ಮರುದಿನ ಸಂಜೆ ಅಂಗಡಿಯಲ್ಲಿ ದೊಡ್ಡ ಸೋಫಾ ಇತ್ತು. ಡಾಕ್ಟರು, ಡ್ರೈವರು, ನನ್ನ ಗಂಡ ಮೂವರೂ ಅದರ ಒಂದು ಬದಿಗೆ ಸರಿದು ಜಾಗ ಮಾಡಿದರು. ಅತ್ತೆ ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟು, ಮೂಲೆಗೆ ಹೋಗಿ, ಆ ಬೋಳು ಸ್ಟೂಲನ್ನು ಎಲ್ಲರ ನಡುವೆ ಎಳೆದು ತಂದು ಅದರ ಮೇಲೆ ಕೂತರು.

"ಬಿಡಿ ಅಮ್ಮ, ನಿಮಗ್ಯಾಕೆ ಇದೆಲ್ಲ" ಎಂದರು ಡಾಕ್ಟರು.

ಅತ್ತೆ ಹಿಡಿ ಮೊಳೆ ಬಾಯಿಗೆ ಹಾಕಿಕೊಂಡು ಸುತ್ತಿಗೆ ಎತ್ತಿಕೊಂಡರು. ಹಲಗೆ ಗಟ್ಟಿಯಾಗಿತ್ತೋ ಏನೋ, ಒಂದೆರಡು ಸಲ ನುಲಿದರು. ಆದರೆ ಅಂಗಡಿ ಮುಚ್ಚುವವರೆಗೂ ಏಳಲಿಲ್ಲ.